ಮನೆಯೊಳಗಿನ ಮೆಣಸಿನ ಗಿಡ ಬಾಡಿದರೆ: ಬಾಟಲಿ ತರುವ ಮೊದಲು ಕುಂಡ ಎತ್ತಿ ನೋಡಿ

ನಮ್ಮದು ವಿಜಯಪುರದ ಆಶ್ರಮ ರಸ್ತೆ ಕಡೆ ಬಾಡಿಗೆ ಮನೆ, ಮಹಡಿ ಮೇಲೆ. ಅಂಗಳ ಇಲ್ಲ. ಮಾಳಿಗೆ ಇದೆ, ಆದರೆ ಅಲ್ಲಿ ಇಟ್ಟದ್ದರಲ್ಲಿ ಅರ್ಧ ಮಂಗಗಳ ಪಾಲು, ಉಳಿದರ್ಧ ಏಪ್ರಿಲ್ ಬಿಸಿಲಿನ ಪಾಲು. ಅದಕ್ಕೇ ಒಳಗಿನ ಸಣ್ಣ ಕೋಣೆಯಲ್ಲಿ ಕಬ್ಬಿಣದ ರ‍್ಯಾಕ್ ಒಂದನ್ನು ಇಟ್ಟು, ಮೇಲಿನಿಂದ 65 ವ್ಯಾಟಿನ ಎಲ್‌ಇಡಿ ಗ್ರೋ ಲೈಟ್ ಇಳಿಬಿಟ್ಟೆ. ಕೆಳಗೆ ಆರು ಮೆಣಸಿನ ಗಿಡ, ನಾಲ್ಕು ಟೊಮ್ಯಾಟೊ. ಲೈಟು ದಿನಕ್ಕೆ 14 ತಾಸು ಉರಿದರೂ ಒಂದು ಯೂನಿಟ್ ದಾಟುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಬೈಯಲಿಲ್ಲ.

ಮೊದಲ ಸಲ ಹತ್ತರಲ್ಲಿ ಏಳು ಗಿಡ ಸತ್ತವು. ಹುಳ ತಿಂದು ಸತ್ತದ್ದು ಒಂದೇ. ಉಳಿದ ಆರನ್ನು ನಾನೇ ಉಪಚಾರ ಮಾಡಿ ಮಾಡಿ ಮುಗಿಸಿದೆ. ಎಲೆ ಹಳದಿ ಆಯ್ತಾ, ಗೊಬ್ಬರ. ಬಾಡಿತಾ, ನೀರು. ಮುದುಡಿತಾ, ಬೇವಿನ ಎಣ್ಣೆ. ಮೂರೂ ಒಂದೇ ವಾರದಲ್ಲಿ. ಕೆಳಗಿನ ಮನೆಯ ಕಾಕಾ ಬಸವನ ಬಾಗೇವಾಡಿ ಕಡೆ ಎಷ್ಟೋ ವರ್ಷ ದ್ರಾಕ್ಷಿ ಮಾಡಿದವರು. ಒಂದು ಸಂಜೆ ಮೇಲೆ ಬಂದು ರ‍್ಯಾಕಿನ ಮುಂದೆ ಕುಳಿತರು. ಸಾಲಾಗಿ ನಿಂತಿದ್ದ ನನ್ನ ನಾಲ್ಕು ಬಾಟಲಿ ನೋಡಿದರು, ಆಮೇಲೆ ಗಿಡ ನೋಡಿದರು.

"ತಮ್ಮಾ, ದಿನಾ ಏನರ ಒಂದ್ ಹಾಕ್ತಿ ಅಲ್ಲ? ನಾಕ್ ದಿನ ಏನೂ ಹಾಕಬ್ಯಾಡ. ಸುಮ್ನ ನೋಡು."

ಆ ನಾಲ್ಕು ದಿನ ನೋಡುತ್ತಾ ಕಲಿತದ್ದು, ಆಮೇಲೆ ಎರಡನೇ ಸಲ ಬೆಳೆಸುವಾಗ ಕಲಿತದ್ದು ಇಲ್ಲಿದೆ. ಮೆಣಸಿನಕಾಯಿ, ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ, ಬದನೆ ಯಾವುದನ್ನೇ ಲೈಟಿನ ಕೆಳಗೆ ಬೆಳೆಸಿದರೂ ತೊಂದರೆಗಳು ಹೆಚ್ಚುಕಡಿಮೆ ಇವೇ.

ಮೊದಲು ಮೂರು ಪ್ರಶ್ನೆ

ಕಷ್ಟ ಬಂದಾಗ ಗಿಡ ತೋರಿಸುವ ಗುರುತು ಕೆಲವೇ. ಬಾಡುತ್ತದೆ, ಹಳದಿಯಾಗುತ್ತದೆ, ಮುದುಡುತ್ತದೆ, ಎಲೆಯ ಅಂಚು ಸುಡುತ್ತದೆ, ಹೂ ಉದುರಿಸುತ್ತದೆ. ಕಾರಣ ಮಾತ್ರ ಹತ್ತಾರು. ನಮಗೆ ಜ್ವರ ಬಂದ ಹಾಗೇ ಇದು. ಜ್ವರ ಇದೆ ಅಂದಷ್ಟಕ್ಕೆ ಏನಾಗಿದೆ ಅಂತ ತಿಳಿಯುವುದಿಲ್ಲ. ಅದಕ್ಕೇ ನಾನು ಈಗ ಎಲೆಯ ಫೋಟೊ ಹಿಡಿದು ಗೊಬ್ಬರದ ಅಂಗಡಿಗೆ ಓಡುವುದಿಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕುಂಡ ಹಗುರ ಇದೆಯೋ ಭಾರ ಇದೆಯೋ? ಕೆಟ್ಟದ್ದು ಕೆಳಗಿನ ಹಳೆ ಎಲೆಯೋ, ತುದಿಯ ಹೊಸ ಎಲೆಯೋ? ಕಳೆದ ಹತ್ತು ದಿನದಲ್ಲಿ ಏನು ಬದಲಾಗಿದೆ?

ಮೂರನೇ ಪ್ರಶ್ನೆಗೆ "ಏನೂ ಇಲ್ಲ" ಅಂತಲೇ ಮೊದಲು ಉತ್ತರ ಬರುತ್ತದೆ. ಅದನ್ನು ನಂಬಬೇಡಿ. ನೀರಿನ ಟಾಕಿ ಬದಲಾಗಿರುತ್ತದೆ, ಕಿಟಕಿ ಮುಚ್ಚಿರುತ್ತದೆ, ಕೂಲರಿನ ಮುಖ ಯಾರೋ ತಿರುಗಿಸಿರುತ್ತಾರೆ.

ಸಾಮಾನು ಜಾಸ್ತಿ ಬೇಡ. ಅಗರಬತ್ತಿ ಉರಿದು ಉಳಿದ ಕಡ್ಡಿ, ಒಂದು ಬಿಳಿ ಹಾಳೆ, ತೇವಾಂಶವನ್ನೂ ತೋರಿಸುವ ಸಣ್ಣ ಥರ್ಮಾಮೀಟರ್, ಕುಡಿಯುವ ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್. ನಮ್ಮ ಊರಿನ ನೀರಿಗೆ ಈ ಕೊನೆಯದ್ದು ಬೇಕೇ ಬೇಕು.

ಬಾಡಿದೆ

ನೀರು ಕಡಿಮೆಯಾದರೂ ಗಿಡ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ಹೊಸಬರು ಬೀಳುವ ಮೊದಲ ಹಳ್ಳ ಇದು. ಬೇರಿಗೆ ನೀರಿನ ಹಾಗೆ ಗಾಳಿಯೂ ಬೇಕು. ಮಣ್ಣು ಸದಾ ಕೆಸರಾಗಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಗಿಡ ನೀರಿನ ನಡುವೆ ನಿಂತೇ ಬಾಯಾರಿ ಬಾಡುತ್ತದೆ. ನಾವು "ಅಯ್ಯೋ, ಬಾಡಿದೆ" ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ.

ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ. ನೀರು ಹಾಕಿದ ಅರ್ಧ ತಾಸಿಗೆ ಎಷ್ಟು ಭಾರ, ಎರಡು ಮೂರು ದಿನದ ಮೇಲೆ ಎಷ್ಟು ಹಗುರ, ಇದು ಕೈಗೆ ಒಂದೇ ವಾರದಲ್ಲಿ ರೂಢಿಯಾಗುತ್ತದೆ. ಹಗುರವಾಗಿದ್ದು, ಎಲೆ ಹಾಳೆಯ ಹಾಗೆ ತೆಳ್ಳಗಿದ್ದರೆ ನೀರು ಕಡಿಮೆ. ನೀರು ಹಾಕಿದ ಒಂದೆರಡು ತಾಸಿನಲ್ಲಿ ಎದ್ದು ನಿಲ್ಲುತ್ತದೆ. ಭಾರವಾಗಿದ್ದು, ಎಲೆ ದಪ್ಪಗೆ ತುಂಬಿದ ಹಾಗಿದ್ದೂ ತೊಟ್ಟಿನಿಂದಲೇ ಜೋತು ಬಿದ್ದಿದ್ದರೆ ನೀರು ಜಾಸ್ತಿ. ಕಡ್ಡಿಯನ್ನು ಅಂಚಿನಲ್ಲಿ ಆಳಕ್ಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಗೆ ತೆಗೆದು ಮೂಸಿ. ಚರಂಡಿ ವಾಸನೆ ಬಂದರೆ ತಳದಲ್ಲಿ ಕೊಳೆ ಶುರುವಾಗಿದೆ.

ಅನುಮಾನ ಉಳಿದರೆ ಬೇರು ನೋಡಿಬಿಡಿ. ಹೆದರಬೇಡಿ, ಗಿಡ ಸಾಯುವುದಿಲ್ಲ. ಬೆರಳುಗಳ ನಡುವೆ ಕಾಂಡ ಹಿಡಿದು, ಕುಂಡ ಬೋರಲು ಮಾಡಿ, ತಳಕ್ಕೆ ತಟ್ಟಿದರೆ ಮಣ್ಣಿನ ಮುದ್ದೆ ಜಾರಿ ಬರುತ್ತದೆ. ಬೇರು ಬೆಳ್ಳಗೆ ಗಟ್ಟಿ ಇದ್ದರೆ ಸರಿ ಇದೆ. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಮೇಲಿನ ಸಿಪ್ಪೆ ಬಿಟ್ಟುಬಂದು ಒಳಗಿನ ದಾರ ಮಾತ್ರ ಉಳಿದರೆ ಕೊಳೆತಿದೆ. ಅಂಥ ಗಿಡದ ಕೆಟ್ಟ ಬೇರು ಕತ್ತರಿಸಿ, ಹೊಸ ಒಣ ಮಿಶ್ರಣಕ್ಕೆ ಹಾಕಿ, ಮೇಲಿನ ಎಲೆಯಲ್ಲೂ ಮೂರರಲ್ಲಿ ಒಂದು ಭಾಗ ತೆಗೆಯಿರಿ. ಉಳಿಯಬಹುದು. ನನ್ನವು ಎರಡರಲ್ಲಿ ಒಂದು ಉಳಿಯಿತು.

ನಮ್ಮ ಕಡೆಯದೇ ಇನ್ನೊಂದು ಸಮಸ್ಯೆ ಇದೆ, ಎರಿ ಮಣ್ಣಿನದು, ಅಂದರೆ ಕರಿ ಮಣ್ಣಿನದು. ಹೊಲದಲ್ಲಿ ಬಂಗಾರದಂಥ ಮಣ್ಣು, ಕುಂಡದಲ್ಲಿ ಶತ್ರು. ಒಣಗಿದಾಗ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದಲ್ಲ, ಅದೇ ಕೆಲಸವನ್ನು ಕುಂಡದೊಳಗೂ ಮಾಡುತ್ತದೆ. ಮಣ್ಣಿನ ಮುದ್ದೆಗೂ ಕುಂಡದ ಗೋಡೆಗೂ ನಡುವೆ ಒಂದು ಸಂದು ಬೀಳುತ್ತದೆ. ಮೇಲಿಂದ ನೀರು ಹಾಕಿದರೆ ಆ ಸಂದಿನಲ್ಲಿ ಇಳಿದು ತಳದಿಂದ ಹೊರಗೆ ಬರುತ್ತದೆ. ತಟ್ಟೆ ತುಂಬಿತು, ನೀರು ಸಾಕು ಅಂತ ನಾವು ಅಂದುಕೊಳ್ಳುತ್ತೇವೆ. ನಡುವಿನ ಮುದ್ದೆ ಒಣ ರೊಟ್ಟಿಯ ಹಾಗೇ ಇರುತ್ತದೆ. ನೀರು ಹಾಕಿದ ಮೇಲೂ ಕುಂಡ ಹಗುರ ಇದ್ದರೆ ಇದೇ ಕಾರಣ. ಕುಂಡವನ್ನು ನಾಲ್ಕು ಬೆರಳು ನೀರಿರುವ ಟಬ್ಬಿನಲ್ಲಿ ಅರ್ಧ ತಾಸು ಕೂರಿಸಿ. ಕೆಳಗಿನಿಂದ ತಾನೇ ಕುಡಿಯುತ್ತದೆ. ಮುಂದಿನ ಸಲ ಎರಿ ಮಣ್ಣು ಬಿಟ್ಟು ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು) ಕಲಸಿ. ಮಸಾರಿ (ಕೆಂಪು) ಮಣ್ಣು ಸಿಕ್ಕರೆ ಒಂದು ಬೊಗಸೆ ಸೇರಿಸಿದರೆ ತಪ್ಪಿಲ್ಲ.

ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೇ ಬಳಸಬೇಡಿ. ಅದರಲ್ಲಿ ಉಪ್ಪು ಇರುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ, ಮೂರು ನಾಲ್ಕು ಸಲ ತೊಳೆಯಿರಿ. ಮೊದಲ ನೀರು ಕಡಕ್ ಚಹಾದ ಬಣ್ಣ ಇರುತ್ತದೆ, ಕೊನೆಯದ್ದು ತಿಳಿಯಾಗಿರಬೇಕು.

ಹಳದಿಯಾಗಿದೆ

ಇಲ್ಲಿ ಎರಡನೇ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತವೆ. ಕೊರತೆ ಬಿದ್ದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ, ಮನೆಯ ಹಿರಿಯರು ತಮ್ಮ ತಾಟಿನದನ್ನು ಮಕ್ಕಳಿಗೆ ಬಡಿಸಿದ ಹಾಗೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿ. ಎಲೆ ಪೂರ್ತಿ ಒಂದೇ ಸಮ ಹಳದಿಯಾದರೆ ಸಾರಜನಕ. ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಅಂಚು ಮಾತ್ರ ಹಳದಿಯಾಗಿ ಸುಟ್ಟರೆ ಪೊಟ್ಯಾಶ್ ಇರಬಹುದು, ಉಪ್ಪೂ ಇರಬಹುದು.

ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಂದು ಸಲ ಎಲೆಗೆ ಸೇರಿದರೆ ಅಲ್ಲೇ ಕೂರುತ್ತವೆ. ಇವು ಕಡಿಮೆಯಾದರೆ ಕೆಡುವುದು ತುದಿಯ ಹೊಸ ಎಲೆ. ಎಳೆ ಎಲೆ ನಿಂಬೆ ಬಣ್ಣಕ್ಕೆ ತಿರುಗಿ ನರ ಮಾತ್ರ ಹಸಿರು ಬಲೆಯ ಹಾಗೆ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಇಲ್ಲ ಅಂತಲ್ಲ, ಇದ್ದರೂ ಬೇರಿಗೆ ಸಿಗುತ್ತಿಲ್ಲ. ನಮ್ಮ ಗಡಸು ನೀರು ಹಾಕುತ್ತಾ ಹೋದರೆ ಕುಂಡದ ಪಿಹೆಚ್, ಅಂದರೆ ಹುಳಿ-ಕ್ಷಾರದ ಅಳತೆ, ಏರುತ್ತದೆ, ಏಳೂವರೆ ದಾಟಿದರೆ ಕಬ್ಬಿಣ ಬೇರಿಗೆ ಹತ್ತುವುದಿಲ್ಲ. ಆರು, ಆರೂವರೆ ಇದ್ದರೆ ಗಿಡಕ್ಕೆ ಸಲೀಸು.

ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು. ಮನೆಯಲ್ಲಿ ಕುಡಿಯುವ ನೀರಿಗೆ ಆರ್‌ಓ ಫಿಲ್ಟರ್ ಇದೆ. ಅದರಿಂದ ಹೊರಗೆ ಹೋಗುವ ನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಹಿಂದೆ ತೊರವಿಯಿಂದ ನೆಲದೊಳಗೆ ಸುರಂಗ ತೆಗೆದು ನೀರು ತಂದ ಊರು ಇದು. ಇಲ್ಲಿ ಬೆಳೆದವರಿಗೆ ನೀರು ಚೆಲ್ಲುವುದೆಂದರೆ ಹೊಟ್ಟೆ ಉರಿಯುತ್ತದೆ. ಅವ್ವನೂ "ಗಿಡಕ್ಕ ಹಾಕು" ಅಂದಳು. ಹಾಕಿದೆ, ಎರಡು ತಿಂಗಳು.

ಫೆಬ್ರವರಿ ಹೊತ್ತಿಗೆ ಕುಂಡದ ಅಂಚಿನಲ್ಲಿ ಬೆಳ್ಳಗೆ ಹಿಟ್ಟಿನಂಥದ್ದು ಕೂತಿತು. ಉಗುರಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತಿತ್ತು. ಎಲೆಯ ತುದಿ ಕಂದು, ಮುಟ್ಟಿದರೆ ಕರುಂ ಅನ್ನುತ್ತಿತ್ತು. ಹೊಸ ಎಲೆ ಸಣ್ಣ, ಮೇಲೆ ಹಳದಿ. ನಾನು ಗೊಬ್ಬರ ಕಡಿಮೆ ಬಿದ್ದಿದೆ ಅಂದುಕೊಂಡು ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರುವ 19:19:19 ಗೊಬ್ಬರ ಎರಡು ಪಟ್ಟು ಹಾಕಿದೆ. ಮೂರೇ ದಿನದಲ್ಲಿ ಎಲೆಯ ಅಂಚೆಲ್ಲ ಸುಟ್ಟಿತು.

ಮೀಟರ್ ತಂದದ್ದು ಆಮೇಲೆ. ನಮ್ಮ ಬೋರಿನ ನೀರು 1150 ಪಿಪಿಎಂ, ಅಂದರೆ ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ ಉಪ್ಪು. ಫಿಲ್ಟರಿನಿಂದ ಹೊರಹೋಗುವ ನೀರು 1600. ಆಗಲೇ ಅರ್ಥವಾಯಿತು. ಫಿಲ್ಟರು ಉಪ್ಪನ್ನು ನುಂಗುವುದಿಲ್ಲ, ಕುಡಿಯುವ ನೀರಿನಿಂದ ತೆಗೆದು ಹೊರಹೋಗುವ ನೀರಿಗೆ ಸೇರಿಸುತ್ತದೆ. ಅದನ್ನೇ ನಾನು ಗಿಡಕ್ಕೆ ಹಾಕಿದ್ದೆ. ನೀರನ್ನು ಗಿಡ ಕುಡಿಯುತ್ತದೆ, ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಕುಂಡದ ತಳದಿಂದ ಇಳಿದ ನೀರನ್ನು ಒಂದು ಲೋಟದಲ್ಲಿ ಹಿಡಿದು ಮೀಟರ್ ಅದ್ದಿದೆ. 3400. ಇಷ್ಟು ಉಪ್ಪಿದ್ದರೆ ಬೇರು ಮಣ್ಣಿನಿಂದ ನೀರು ಎಳೆಯಲು ತಿಣುಕುತ್ತದೆ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ಲ, ಬೇರಿಗೂ ಅದೇ ಪಾಡು.

ಇದಕ್ಕೆ ಬಾಟಲಿ ಇಲ್ಲ, ತೊಳೆಯಬೇಕು. ನನ್ನ ಕುಂಡ 8 ಲೀಟರಿನವು. ಒಂದೊಂದಕ್ಕೆ ಹದಿನಾರರಿಂದ ಇಪ್ಪತ್ತು ಲೀಟರ್ ಒಳ್ಳೆ ನೀರನ್ನು ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ, ಬಚ್ಚಲಿನಲ್ಲಿ ಹಾಯಿಸಿದೆ. ತಳದ ನೀರು ಸಾವಿರದ ಕೆಳಗೆ ಇಳಿಯುವವರೆಗೆ. ನಳದ ಕೃಷ್ಣಾ ನೀರು ಬಂದ ದಿನ ಕೊಡ ತುಂಬಿಟ್ಟುಕೊಂಡು ಮಾಡಿದ ಕೆಲಸ ಇದು. ಆ ನೀರು ಬೋರಿಗಿಂತ ಎಷ್ಟೋ ವಾಸಿ. ತೊಳೆದ ಮೇಲೆ ಒಂದು ವಾರ ಗೊಬ್ಬರ ಬೇಡ. ಆಮೇಲೆ 19:19:19 ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ. ಸಸಿಗೆ ಅರ್ಧ ಗ್ರಾಂ ಸಾಕು. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದಿದ್ದರೆ ಬೇರೆ ದಿನ ಕೊಡಿ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ಬೆಳ್ಳಗೆ ಗಸಿ ಕೂರುತ್ತದೆ, ಗಿಡಕ್ಕೆ ಎರಡೂ ಸಿಗುವುದಿಲ್ಲ.

ಲಿಂಬೆ ರಸ ಹಿಂಡಿದರೆ ನೀರು ಸರಿಯಾಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಇಂಡಿ ಲಿಂಬೆಯ ಜಿಲ್ಲೆಯಲ್ಲವೇ, ಕೇಳದೆ ಏನು ಮಾಡುತ್ತಾರೆ. ಪಿಹೆಚ್ ಇಳಿಯುತ್ತದೆ, ನಿಜ. ಬಕೆಟ್ಟಿಗೆ ಸ್ವಲ್ಪ ಸ್ವಲ್ಪ ಹಿಂಡುತ್ತಾ ಪಿಹೆಚ್ ಕಾಗದದಲ್ಲಿ ಆರೂವರೆ ಬರುವ ತನಕ ನೋಡಿ. ಆದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ. 1600 ಇದ್ದದ್ದು ಹುಳಿಯಾದ 1600 ಆಗುತ್ತದೆ, ಅಷ್ಟೇ. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಇಲ್ಲ. ನಮ್ಮಲ್ಲಿ ಸೆಪ್ಟೆಂಬರಿನಲ್ಲೇ ಜಾಸ್ತಿ ಮಳೆ, ಆಗ ಒಂದು ಡ್ರಮ್ ತುಂಬಿಸಿ ಮುಚ್ಚಿಡಿ. ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲೂ ಉಪ್ಪು ಇರುವುದಿಲ್ಲ, ಬೋರಿನ ನೀರಿಗೆ ಬೆರೆಸಲು ಚೆನ್ನ.

ಬೆಳಕು, ಮತ್ತು ನನಗೆ ಮೋಸ ಮಾಡಿದ ಟೈಮರ್

ಸಸಿ ಸಣಕಲಾಗಿ ಉದ್ದಕ್ಕೆ ಎದ್ದು, ಎಲೆಗೂ ಎಲೆಗೂ ನಡುವೆ ಗೇಣುದ್ದ ಕಾಂಡ ಬಿಟ್ಟು, ಒಂದು ಕಡೆಗೆ ವಾಲಿದರೆ ಬೆಳಕು ಸಾಲದು. ಕಿಟಕಿಯ ಹತ್ತಿರ ಇಟ್ಟಿದ್ದೇನಲ್ಲ ಅನ್ನಬೇಡಿ. ನಮ್ಮ ಕಣ್ಣು ಕತ್ತಲಿಗೂ ಬೆಳಕಿಗೂ ಹೊಂದಿಕೊಂಡುಬಿಡುತ್ತದೆ, ಗಿಡ ಹಾಗಲ್ಲ. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ, ಹೊರಗೆ ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು ಇರುತ್ತದೆ. ನನ್ನ ಕೋಣೆಯ ಕಿಟಕಿಯಿಂದ ನಾಲ್ಕು ಅಡಿ ಒಳಗೆ ಮೊಬೈಲಿನ ಆ್ಯಪ್ ತೋರಿಸಿದ್ದು 900. ಮೆಣಸಿನ ಸಸಿಗೆ ಹತ್ತು ಸಾವಿರವಾದರೂ ಬೇಕು, ಕಾಯಿ ಬಿಡುವ ಗಿಡಕ್ಕೆ ಇಪ್ಪತ್ತೈದು ಸಾವಿರದ ಮೇಲೆ. ಆ್ಯಪ್ ಅಳತೆ ಅಂದಾಜಿನದು, ಆದರೆ ಹತ್ತಿರ ದೂರ ಹೋಲಿಸಿ ನೋಡಲು ಸಾಕು.

ಇದಕ್ಕೆ ಉಲ್ಟಾ, ಲೈಟಿಗೆ ಹತ್ತಿರವಿರುವ ಎಲೆ ಮಾತ್ರ ಬಿಳಚಿಕೊಂಡು, ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದರೆ ಬೆಳಕು ಜಾಸ್ತಿ. ಕೆಳಗಿನ ಎಲೆ ಚೆನ್ನಾಗಿಯೇ ಇರುತ್ತದೆ, ಗುರುತು ಹಿಡಿಯಲು ಅದೇ ಸುಳಿವು. ಗಿಡದ ತುದಿಯ ಎತ್ತರದಲ್ಲಿ ಅಂಗೈಯ ಹಿಂಭಾಗ ಹಿಡಿದು ಮೂವತ್ತು ಎಣಿಸಿ. ನಿಮಗೆ ಕೈ ತೆಗೆಯಬೇಕು ಅನ್ನಿಸಿದರೆ ಗಿಡಕ್ಕೂ ಹಾಗೇ. ನಾನು ಒಂದು ಗೇಣು ದೂರದಲ್ಲಿ ಇಟ್ಟಿದ್ದ ಲೈಟನ್ನು ಒಂದೂವರೆ ಗೇಣಿಗೆ ಏರಿಸಿದೆ, ಹೊಸ ಎಲೆ ಸರಿಯಾಗಿ ಬಂತು.

ಇನ್ನು, ರಾತ್ರಿ ಹಗಲು ಲೈಟು ಉರಿಸಿದರೆ ಬೇಗ ಬೆಳೆಯುತ್ತದೆ ಅಂತ ಕೆಲವರು ಬಿಟ್ಟಿರುತ್ತಾರೆ. ಟೊಮ್ಯಾಟೊಗೆ ಇದು ಆಗಿಬರುವುದಿಲ್ಲ. 24 ತಾಸೂ ಬೆಳಕು ಕೊಟ್ಟರೆ ಎಲೆ ಮಚ್ಚೆ ಮಚ್ಚೆಯಾಗಿ ಹಳದಿಯಾಗುತ್ತದೆ. ಗೊಬ್ಬರ ಕಡಿಮೆ ಅಂತ ತಪ್ಪು ತಿಳಿಯುವುದು ಸುಲಭ. 14ರಿಂದ 16 ತಾಸು ಸಾಕು, ಆಮೇಲೆ ಮಲಗಲು ಬಿಡಿ.

ಈಗ ಟೈಮರಿನ ಕಥೆ. ಏಪ್ರಿಲಿನಲ್ಲಿ ಮಧ್ಯಾಹ್ನದ ಸೆಕೆಗೆ ಲೈಟಿನ ಕಾವೂ ಸೇರದಿರಲಿ ಅಂತ, ಲೈಟು ಸಂಜೆ 6ಕ್ಕೆ ಹತ್ತಿ ಬೆಳಿಗ್ಗೆ 8ಕ್ಕೆ ಆರುವ ಹಾಗೆ ಇಟ್ಟಿದ್ದೆ. ಪ್ಲಗ್ಗಿಗೆ ಸಿಕ್ಕಿಸುವ, ಸುತ್ತಲೂ ಹಲ್ಲುಗಳಿರುವ ಚಕ್ರದ ಟೈಮರ್. ಒಂದು ವಾರ ನಾನು ಊರಲ್ಲಿರಲಿಲ್ಲ. ನೀರು ಹಾಕುವ ಕೆಲಸ ತಂಗಿಗೆ. ಬಂದು ನೋಡಿದರೆ ಮೆಣಸಿನ ಗಿಡದ ಹೂವೆಲ್ಲ ಉದುರಿ ರ‍್ಯಾಕಿನ ಮೇಲೆ ಬಿದ್ದಿದೆ, ತುದಿಯ ಎಲೆ ಮಡಚಿದೆ. ಕುಂಡ ಎತ್ತಿದೆ, ತೂಕ ಸರಿ ಇದೆ. ತಳದ ನೀರು ಅಳೆದೆ, ಸರಿ ಇದೆ. ಎಲೆಯ ಕೆಳಗೆ ಹುಳ ಇಲ್ಲ. ತಂಗಿಯ ಮೇಲೆ ಅನುಮಾನ ಪಟ್ಟೆ. ಅವಳು ಹೇಳಿದ್ದು ಒಂದೇ ಮಾತು: "ಲೈಟ್ ಮಧ್ಯಾಹ್ನ ಯಾಕ್ ಹಚ್ಚಿಟ್ಟೀ ಅಣ್ಣಾ?"

ಕರೆಂಟ್ ಹೋದಾಗ ಆ ಚಕ್ರವೂ ನಿಂತುಬಿಡುತ್ತದೆ. ಬಂದಾಗ ನಿಂತಲ್ಲಿಂದಲೇ ಮತ್ತೆ ಶುರು. ದಿನಕ್ಕೆ ಎರಡು ತಾಸು ಕರೆಂಟ್ ಹೋದರೆ ಐದು ದಿನಕ್ಕೆ ಹತ್ತು ತಾಸು ಹಿಂದೆ ಬೀಳುತ್ತದೆ. ಸಂಜೆ 6ಕ್ಕೆ ಹತ್ತಬೇಕಾದ ಲೈಟು ಬೆಳಗಿನ ಜಾವ 4ಕ್ಕೆ ಹತ್ತಿ, ಉರಿಬಿಸಿಲಿನ ಹೊತ್ತೆಲ್ಲ ಉರಿದು, ಸಂಜೆ 6ಕ್ಕೆ ಆರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ 41 ಡಿಗ್ರಿ. ಟೈಮರಿನ ಮುಖ ನೋಡಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು, ನಾನು ಗಿಡವನ್ನೇ ಎರಡು ದಿನ ನೋಡಿದೆ. ಈಗ ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಇದೆ. ಚಕ್ರದ್ದೇ ಇದ್ದರೆ ದಿನಾ ಗಡಿಯಾರಕ್ಕೆ ಹೊಂದಿಸಿ.

ಸೆಕೆ, ಒಣ ಗಾಳಿ, ನುಸಿ

ಹಗಲು 35 ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಟೊಮ್ಯಾಟೊ ಹೂ ಉದುರಿಸುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯದೇ ದೊಡ್ಡ ತಕರಾರು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಕಾವು ಇಳಿಸುತ್ತಿರುತ್ತದೆ. ರ‍್ಯಾಕಿನ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನನ್ನ ಕೋಣೆಯಲ್ಲಿ 4 ಡಿಗ್ರಿ ವ್ಯತ್ಯಾಸ ಇತ್ತು. ಗಿಡಗಳನ್ನು ಕೆಳಗಿನ ಹಲಗೆಗೆ ಇಳಿಸಿ. ಕಿಟಕಿಗೆ ಒದ್ದೆ ಗೋಣಿ ತಟ್ಟು ಕಟ್ಟಿ. ನಮ್ಮ ಒಣ ಸೆಕೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಳಿ ನೇರ ಗಿಡಕ್ಕೆ ಬಡಿಯಬಾರದು. ಬಡಿದರೆ ಆ ಕಡೆಯ ಎಲೆ ಮಾತ್ರ ಒಣಗುತ್ತದೆ. ಒಂದೇ ಕಡೆ ಕೆಟ್ಟಿದೆ ಅಂದರೆ ರೋಗ ಹುಡುಕುವ ಮೊದಲು ಆ ಕಡೆ ಏನಿದೆ ಅಂತ ನೋಡಿ.

ಚಳಿಗಾಲದಲ್ಲಿ ಬೇರೆ ಆಟ. ಡಿಸೆಂಬರ್, ಜನವರಿಯ ರಾತ್ರಿ 12 ಡಿಗ್ರಿಗೆ ಇಳಿದಾಗ ಟೊಮ್ಯಾಟೊ ಸಸಿಯ ಎಲೆಯ ಕೆಳಗೆ ನೇರಳೆ ಬಣ್ಣ ಬರುತ್ತದೆ. ತಣ್ಣಗಿನ ಬೇರು ರಂಜಕ ಎಳೆಯಲಾರದು. ಗೊಬ್ಬರ ಸುರಿಯಬೇಡಿ, ಕುಂಡವನ್ನು ತಣ್ಣನೆ ಫರಸಿಯಿಂದ ಎತ್ತಿ ಹಲಗೆ ಮೇಲಿಡಿ. ಹೊಸ ಎಲೆ ಹಸಿರಾಗಿಯೇ ಬರುತ್ತದೆ.

ಒಣ ಸೆಕೆ ಬಂತೆಂದರೆ ಕೆಂಪು ನುಸಿಯೂ ಬಂತು. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕೆ, ಕೆಳಗೆ ಕೂದಲಿಗಿಂತ ತೆಳು ಬಲೆ. ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಎರಡು ಸಲ ತಟ್ಟಿ. ಬಿದ್ದ ಚುಕ್ಕೆ ನಡೆದಾಡಿದರೆ ನುಸಿ, ಸುಮ್ಮನಿದ್ದರೆ ಧೂಳು. ಮೊದಲು ಬಚ್ಚಲಿಗೆ ಒಯ್ದು ಎಲೆಯ ಕೆಳಭಾಗವನ್ನು ನೀರಿನಿಂದ ಜೋರಾಗಿ ತೊಳೆಯಿರಿ. ಅರ್ಧ ಅಲ್ಲೇ ಹೋಗುತ್ತವೆ. ಆಮೇಲೆ ಬೇವಿನ ಎಣ್ಣೆ, ಲೀಟರಿಗೆ 3ರಿಂದ 5 ಮಿಲಿ, ನಾಲ್ಕು ಹನಿ ಸೋಪಿನ ನೀರು ಸೇರಿಸಿ. ಮೊಟ್ಟೆ ಸಾಯುವುದಿಲ್ಲ, ಹಾಗಾಗಿ ಐದು ದಿನಕ್ಕೊಮ್ಮೆ ಮೂರು ಸಲ. ಲೈಟು ಆರಿದ ಮೇಲೆ ಮಾತ್ರ ಹೊಡೆಯಿರಿ. ಎಣ್ಣೆ ಹಚ್ಚಿದ ಎಲೆಗೆ ಲೈಟು ಬಿದ್ದರೆ ಸುಡುತ್ತದೆ, ಅದು ನನ್ನ ಎರಡನೇ ಗಿಡದ ಕಥೆ. ಸ್ಪ್ರೇ ಮಾಡುವಾಗ ಪ್ಲಗ್ ತೆಗೆದಿಡಿ. ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ ಇರಬಾರದು.

ಎಲೆ ಮುದುಡಿದೆ

ಮೆಣಸಿನಕಾಯಿ ಬೆಳೆದವರೆಲ್ಲ ಮುಟುರು ರೋಗ ಅನ್ನುತ್ತಾರೆ, ಆದರೆ ಮುದುಡುವ ದಿಕ್ಕು ನೋಡಬೇಕು. ಅಂಚು ಮೇಲಕ್ಕೆ ಮಡಚಿ, ಎಲೆಯ ಕೆಳಗೆ ಬೆಳ್ಳಿಯಂಥ ಗೀರು ಇದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳ. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾದರೆ ಹಳದಿ ನುಸಿ, ಅದು ಬರಿಗಣ್ಣಿಗೆ ಕಾಣುವುದು ಕಷ್ಟ. ಗೀರೂ ಇಲ್ಲ, ಹುಳವೂ ಇಲ್ಲ, ಲೈಟಿನ ಹತ್ತಿರದ ಎಲೆ ಮಾತ್ರ ಮೇಲಕ್ಕೆ ಮಡಚಿದೆ ಅಂದರೆ ಲೈಟಿನ ಬೆಳಕು, ಕಾವು ಜಾಸ್ತಿ. ಎಲೆ ಕಡು ಹಸಿರಾಗಿ ತುದಿ ಮಾತ್ರ ಹದ್ದಿನ ಉಗುರಿನ ಹಾಗೆ ಕೆಳಗೆ ಬಾಗಿದ್ದರೆ ಸಾರಜನಕ ಜಾಸ್ತಿ. ಎಲೆ ಪುಟ್ಟದಾಗಿ, ಸುಕ್ಕುಗಟ್ಟಿ, ಗಿಡದ ಬೆಳವಣಿಗೆಯೇ ನಿಂತು ಪೊದೆಯಾಗಿ, ಹತ್ತಿರ ಬಿಳಿ ನೊಣ ಹಾರಾಡುತ್ತಿದ್ದರೆ ಅದು ವೈರಸ್. ಅದಕ್ಕೆ ಔಷಧಿ ಇಲ್ಲ. ಕಿತ್ತು, ಚೀಲದಲ್ಲಿ ಕಟ್ಟಿ, ಹೊರಗೆ ಹಾಕಿ. ಮನಸ್ಸು ಬಾರದೆ ಹದಿನೈದು ದಿನ ಇಟ್ಟುಕೊಂಡರೆ ಪಕ್ಕದವಕ್ಕೂ ಹರಡುತ್ತದೆ.

ಹೂ, ಕಾಯಿ, ಸಸಿ

ಎಲ್ಲ ಸರಿ ಇದೆ, ಸೆಕೆಯೂ ಇಲ್ಲ, ಆದರೂ ಟೊಮ್ಯಾಟೊ ಹೂ ಒಣಗಿ ಉದುರುತ್ತಿದೆ ಅಂದರೆ ಕೋಣೆಯಲ್ಲಿ ಗಾಳಿ ಇಲ್ಲ. ಹೊರಗೆ ಗಾಳಿ, ಜೇನು ಅಲುಗಾಡಿಸಿದರೆ ಪರಾಗ ಬೀಳುತ್ತದೆ. ಒಳಗೆ ನೀವೇ ಜೇನು. ಹೂ ಗೊಂಚಲಿನ ತೊಟ್ಟಿಗೆ ದಿನಕ್ಕೊಮ್ಮೆ ಬೆರಳಿನಿಂದ ಟಪ್ ಅಂತ ಹೊಡೆಯಿರಿ, ಸಣ್ಣ ಫ್ಯಾನ್ ನಿಧಾನಕ್ಕೆ ತಿರುಗಲಿ.

ಟೊಮ್ಯಾಟೊ ಕಾಯಿಯ ಬುಡ ಕಪ್ಪಗೆ ಚಪ್ಪಟೆಯಾದರೆ ಕಾಯಿಗೆ ಕ್ಯಾಲ್ಸಿಯಂ ಮುಟ್ಟಿಲ್ಲ. ನಮ್ಮ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಒಂದು ದಿನ ಕೆಸರು, ಮೂರು ದಿನ ಬರ ಹೀಗೆ ನೀರು ಹಾಕಿದರೆ ಅದು ಕಾಯಿಗೆ ತಲುಪುವುದಿಲ್ಲ. ನೀರು ಒಂದೇ ಹದದಲ್ಲಿ ಕೊಡಿ, ಮುಂದಿನ ಕಾಯಿ ಸರಿಯಾಗಿರುತ್ತದೆ.

ಮೊಳಕೆಯ ಸಸಿ ಮಣ್ಣಿನ ಮಟ್ಟದಲ್ಲೇ ದಾರದ ಹಾಗೆ ಸಣ್ಣಗಾಗಿ ಅಡ್ಡ ಬಿದ್ದರೆ ಬುಡ ಕೊಳೆತಿದೆ, ಬದುಕುವುದಿಲ್ಲ. ಟ್ರೇ ಮೇಲಿನ ಪ್ಲಾಸ್ಟಿಕ್ ತೆಗೆದು ಗಾಳಿ ಆಡಲು ಬಿಟ್ಟರೆ ಉಳಿದವಾದರೂ ಉಳಿಯುತ್ತವೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಏಳುತ್ತಿದ್ದರೂ ಅದೇ ಮಾತು, ಮೇಲಿನ ಒಂದು ಅಂಗುಲ ಒಣಗಲು ಬಿಡಿ.

ಒಂದು ಬದಲಾವಣೆ, ಒಂದು ವಾರ

ಕಾರಣ ಸಿಕ್ಕಿತು ಅಂದುಕೊಳ್ಳಿ. ಒಂದನ್ನು ಮಾತ್ರ ಬದಲಿಸಿ, ಏಳರಿಂದ ಹತ್ತು ದಿನ ಕಾಯಿರಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡುತ್ತಾ ಕೂರಬೇಡಿ. ತುದಿಯಲ್ಲಿ ಹೊಸದಾಗಿ ಬರುವ ಎರಡು ಎಲೆ ನೋಡಿ. ಬೋರಿನ ನೀರಿನ ಮೇಲೆಯೇ ಅನುಮಾನ ಇದ್ದರೆ ಒಂದು ಬಾಟಲಿ ತುಂಬಿಕೊಂಡು ವಿಜಯಪುರದ ಹತ್ತಿರದ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬಾಗಲಕೋಟೆಯವರಿಗೆ ಊರಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ.

ಮಾಡಿದ್ದನ್ನು ಒಂದು ವಹಿಯಲ್ಲಿ ಬರೆದಿಡಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ಮರೆತುಹೋಗುತ್ತದೆ. ನನ್ನ ವಹಿಯ ಒಂದು ಪುಟ ಹೀಗಿದೆ:

ಮಾರ್ಚ್ 9. ತಳದ ನೀರು 3400. ಆರೂ ಕುಂಡ ತೊಳೆದೆ, ಸೊಂಟ ಹೋಯಿತು.

ಮಾರ್ಚ್ 10. ಎಲ್ಲ ಇನ್ನೂ ಜೋತು ಬಿದ್ದಿವೆ. ಕುಂಡ ಭಾರ. ಏನೂ ಹಾಕಿಲ್ಲ.

ಮಾರ್ಚ್ 12. ಏನೂ ಬದಲಾವಣೆ ಇಲ್ಲ. ಏನಾದರೂ ಹಾಕಬೇಕು ಅಂತ ಕೈ ತುರಿಸುತ್ತಿದೆ. ಕಾಕಾ ಬಂದು ಬಾಟಲಿಗಳನ್ನು ಕೆಳಗೆ ಒಯ್ದರು.

ಮಾರ್ಚ್ 17. 3ನೇ ಗಿಡದಲ್ಲಿ ಎರಡು ಹೊಸ ಎಲೆ, ಹಸಿರು. 5ನೇದು ಹೋಯಿತು, ಬೇರು ಕಂದು.

ಮಾರ್ಚ್ 21. 1 ಮತ್ತು 6ರಲ್ಲೂ ಹಸಿರು. ತಳದ ನೀರು 820.